ಸ್ಪಂಜಿಗೆ ಹಸಿವಾಗಿತ್ತು

ನಮ್ಮ ಮನೆ ಇರುವುದು ನಂದಿಕೂರಿನಲ್ಲಿ. ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ಬಸ್ಸು ಹತ್ತಿ, ಕಿಟಕಿ ಸೀಟು ಸಿಕ್ಕಿತು ಅಂತ ಖುಷಿ ಪಡುವಷ್ಟರಲ್ಲಿ ಇಳಿಯಬೇಕಾದ ಊರು. ಕಂಬಳ ನೋಡುವವರಿಗೆ 'ಅಡ್ವೆ ನಂದಿಕೂರು' ಅಂದರೆ ಗೊತ್ತಾಗುತ್ತದೆ. ಉಳಿದವರಿಗೆ ಎಲ್ಲೂರಿನ 1200 ಮೆಗಾವಾಟಿನ ವಿದ್ಯುತ್ ಸ್ಥಾವರದ ಚಿಮಣಿ ತೋರಿಸಿ "ಅದರ ಹತ್ತಿರ" ಅನ್ನಬೇಕು. ಕಡಲು ನಮ್ಮಿಂದ ಬೈಕಿನಲ್ಲಿ ಕಾಲು ಗಂಟೆ.

ಇಂಥ ಊರಿನಲ್ಲಿ ಕೂತು ನಾನು ಬಕೆಟಿನಲ್ಲಿ ಬರುವ ವಿದೇಶಿ ಸಮುದ್ರದ ಉಪ್ಪನ್ನು ದುಡ್ಡು ಕೊಟ್ಟು ತರಿಸಿ, ಆರ್‌ಒ ನೀರಿಗೆ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಕಲಸಿ, ಹಾಲ್‌ನಲ್ಲಿ ಟಿವಿ ಪಕ್ಕ ಎರಡು ಅಡಿಯ ಒಂದು ಕಡಲು ಮಾಡಿಕೊಂಡಿದ್ದೆ. ಮಲ್ಪೆಯ ಬೋಟಿನಲ್ಲಿ ಇಪ್ಪತ್ತು ವರ್ಷ ದುಡಿದ ನಮ್ಮ ಮಾವ ಬಂದವರೆಲ್ಲರಿಗೂ ಅದನ್ನು ತೋರಿಸಿ ಹೇಳುತ್ತಿದ್ದರು: "ಕಡಲ ಕರೆಯಲ್ಲಿದ್ದು ಉಪ್ಪುನೀರು ದುಡ್ಡು ಕೊಟ್ಟು ತರುವವ ಇವನೊಬ್ಬನೇ ಮಾರಾಯ್ರೆ."

ಮಾವನಿಗೆ ನಾನು ಕೊಡುತ್ತಿದ್ದ ಉತ್ತರ ಒಂದೇ. ನಮ್ಮ ಕಡಲ ನೀರು ಕೊಳಕು. ಕಲಕಿರುತ್ತದೆ, ಮಳೆಗಾಲದಲ್ಲಿ ಉಪ್ಪಿನಂಶ ಇಳಿಯುತ್ತದೆ, ಅದರಲ್ಲಿ ಏನೇನಿದೆಯೋ ಯಾರಿಗೆ ಗೊತ್ತು. ನನ್ನ ನೀರಿನಲ್ಲಿ ಏನಿದೆ ಅಂತ ನನಗೆ ಗೊತ್ತು.

ಹಾಗೆ ಹೇಳುವುದಕ್ಕೆ ನನ್ನ ಹತ್ತಿರ ಆಧಾರವೂ ಇತ್ತು. ನಾಲ್ಕನೇ ಸೆಮ್‌ನಲ್ಲಿ ಮಿನಿ ಪ್ರಾಜೆಕ್ಟಿಗೆ ತಂದು ಉಳಿದ ಒಂದು ಇಎಸ್‌ಪಿ32 ಬೋರ್ಡು, ಒಂದು ತಾಪಮಾನದ ಸೆನ್ಸರ್ ಸೇರಿಸಿ ಹತ್ತು ನಿಮಿಷಕ್ಕೊಮ್ಮೆ ನೀರಿನ ಬಿಸಿ ದಾಖಲಾಗುವ ಹಾಗೆ ಮಾಡಿದ್ದೆ. ಉಳಿದದ್ದು ಪ್ರತಿ ಭಾನುವಾರ ಟೆಸ್ಟ್ ಕಿಟ್‌ಗಳಲ್ಲಿ. ಎಕ್ಸೆಲ್ ಶೀಟಿನಲ್ಲಿ ಒಂಬತ್ತು ಕಾಲಮ್: ತಾಪಮಾನ, ಸಾಂದ್ರತೆ, ಪಿಎಚ್, ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಫಾಸ್ಫೇಟ್, ಕ್ಯಾಲ್ಸಿಯಂ, ಆಲ್ಕಲಿನಿಟಿ. ಎಲ್ಲವೂ ಹಸಿರು ಬಣ್ಣದಲ್ಲಿ ಇದ್ದರೆ ನನಗೆ ಆ ವಾರ ನಿದ್ದೆ ಚೆನ್ನಾಗಿ ಬರುತ್ತಿತ್ತು.

ನೀರು ತೊಳೆಯುವ ಸಾಮಾನೂ ಅಷ್ಟೇ ಜೋರು. ಕಸ ಹಿಡಿಯಲು ಬಟ್ಟೆಯ ಫಿಲ್ಟರ್ ಚೀಲ. ನೀರಿಗೆ ಸಣ್ಣ ಗುಳ್ಳೆ ಹಾಯಿಸಿ, ಕರಗಿದ ಸಾವಯವ ಕೊಳೆಯನ್ನು ನೊರೆಯಾಗಿ ಎಬ್ಬಿಸಿ ಹೊರಗೆ ಹಾಕುವ ಪ್ರೋಟೀನ್ ಸ್ಕಿಮ್ಮರ್. ಹಳದಿ ಬಣ್ಣ ತೆಗೆಯಲು ಆಕ್ಟಿವೇಟೆಡ್ ಕಾರ್ಬನ್. ಫಾಸ್ಫೇಟ್ ಹಿಡಿಯಲು ಕಬ್ಬಿಣದ ಆಕ್ಸೈಡಿನ ಕಾಳು. ಬ್ಯಾಕ್ಟೀರಿಯಾ ಕೊಲ್ಲಲು ಯುವಿ ಲ್ಯಾಂಪು. ಚಿಲ್ಲರ್ ತೆಗೆದುಕೊಳ್ಳುವಷ್ಟು ದುಡ್ಡಿರಲಿಲ್ಲ, ಅದರ ಬದಲು ಎರಡು ಕಂಪ್ಯೂಟರ್ ಫ್ಯಾನು. ನಮ್ಮ ಕರಾವಳಿಯ ಸೆಕೆಗೆ ಫ್ಯಾನು ಅಷ್ಟು ಕೆಲಸ ಮಾಡುವುದಿಲ್ಲ, ಗಾಳಿಯಲ್ಲೇ ನೀರಿದ್ದರೆ ಟ್ಯಾಂಕಿನ ನೀರು ಆವಿಯಾಗುವುದು ಹೇಗೆ? ಆದರೂ ಒಂದೂವರೆ ಡಿಗ್ರಿ ಇಳಿಯುತ್ತಿತ್ತು.

ಒಟ್ಟಿನಲ್ಲಿ ನೀರು ಎಷ್ಟು ಸ್ವಚ್ಛ ಇತ್ತೆಂದರೆ, ಮನೆಗೆ ಬಂದವರು "ಇದರಲ್ಲಿ ನೀರು ಉಂಟಾ?" ಅಂತ ಕೇಳುತ್ತಿದ್ದರು. ಅದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಬೇಕಿರಲಿಲ್ಲ.

ಒಳಗೆ ಎರಡು ಕ್ಲೌನ್ ಮೀನು. ಆರನೇ ಕ್ಲಾಸಿನ ನನ್ನ ತಂಗಿ ಅವಕ್ಕೆ ಕಂಬಳದ ಕೋಣಗಳ ಹೆಸರಿಟ್ಟಿದ್ದಳು, ಅಪ್ಪು ಮತ್ತು ಕುಟ್ಟಿ. ಕ್ಲೌನ್ ಮೀನು ಜೋಡಿಯಾದರೆ ದೊಡ್ಡದು ಹೆಣ್ಣಾಗುತ್ತದೆ ಅಂತ ನಾನು ಅವಳಿಗೆ ಹೇಳಲು ಹೋಗಲಿಲ್ಲ. ಕಲ್ಲಿನ ಮೇಲೆ ಒಂದಷ್ಟು ಮಶ್ರೂಮ್ ಕೋರಲ್, ಅಂದರೆ ಗಟ್ಟಿ ಅಸ್ಥಿಯಿಲ್ಲದವು. ಬಂಡೆ ಕಟ್ಟುವ ಗಟ್ಟಿ ಹವಳಗಳ ತಂಟೆಗೆ ಹೋಗುವ ಹಾಗೇ ಇಲ್ಲ. 2001ರಿಂದ ಅವು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿ ಇರುವ ಪಟ್ಟಿಯಲ್ಲಿ. ಸತ್ತ ಹವಳದ ಕಲ್ಲು ಕೂಡ ಬೇಡ ಅಂತ ನಾನು ಮಾಡಿದ ಕಲ್ಲನ್ನೇ ತಂದಿದ್ದೆ.

ಇಷ್ಟಕ್ಕೆ ಸುಮ್ಮನಿದ್ದರೆ ಈ ಲೇಖನ ಬರೆಯುವ ಅಗತ್ಯ ಬರುತ್ತಿರಲಿಲ್ಲ. ಇಂಟರ್ನ್‌ಶಿಪ್ಪಿನ ದುಡ್ಡು ಕೈಗೆ ಬಂದಿತ್ತು. ದಸರಾ ರಜೆಯಲ್ಲಿ ಬೆಂಗಳೂರಿನ ಒಂದು ಅಂಗಡಿಯಲ್ಲಿ ಕಿತ್ತಳೆ ಬಣ್ಣದ ಸ್ಪಂಜೊಂದನ್ನು ನೋಡಿದೆ. ಬೆರಳುಗಳ ಹಾಗೆ ನಾಲ್ಕು ಕವಲು. ಟ್ಯಾಂಕಿನ ನೀಲಿ ಬೆಳಕಿನಲ್ಲಿ ಅದು ಕೆಂಡದ ಹಾಗೆ ಕಾಣುತ್ತಿತ್ತು. "ಸಾಕೋದು ಸುಲಭ ಸಾರ್, ಊಟನೇ ಬೇಡ ಇದಕ್ಕೆ," ಅಂದ ಅಂಗಡಿಯವ. 1,800 ರೂಪಾಯಿ. ನೀರಿನಿಂದ ಕೈಯಲ್ಲಿ ಎತ್ತಿ, ನೀರು ಸೋರಲು ಬಿಟ್ಟು, ಕವರಿಗೆ ಹಾಕಿ, ಆಕ್ಸಿಜನ್ ತುಂಬಿ ಕಟ್ಟಿ ಕೊಟ್ಟ. ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಘಾಟಿಯ ತಿರುವುಗಳಲ್ಲಿ ಅದು ಕವರಿನೊಳಗೆ ಮಗ್ಗುಲಾಗುತ್ತಿತ್ತು.

ಟ್ಯಾಂಕಿಗೆ ಇಳಿಸುವಾಗ ಅಮ್ಮ ಬಂದು ನಿಂತು ನೋಡಿದರು. ಮನೆಯಲ್ಲಿ ನಾವು ಮಾತಾಡುವುದು ತುಳು. ಅಮ್ಮ ಕೇಳಿದ್ದು ಮೂರೇ ಪದ: "ಉಂದೆಕ್ಕ್ ಜೀವ ಉಂಡಾ?" ಇದಕ್ಕೆ ಜೀವ ಉಂಟಾ?

ನಾನು ಪಿಯುಸಿಯಲ್ಲಿ ಓದಿದ್ದನ್ನೆಲ್ಲ ಬಿಚ್ಚಿದೆ. ಇದು ಗಿಡ ಅಲ್ಲ ಅಮ್ಮ, ಪ್ರಾಣಿ. ಬಾಯಿಯಿಲ್ಲ, ಹೊಟ್ಟೆಯಿಲ್ಲ, ಹೃದಯವಿಲ್ಲ, ನರವಿಲ್ಲ, ಆದರೂ ಪ್ರಾಣಿ. 50 ಕೋಟಿ ವರ್ಷಕ್ಕೂ ಮೊದಲಿನಿಂದ ಇದರ ವಂಶ ಉಂಟು. ಅಮ್ಮ ಎಲ್ಲ ಕೇಳಿ, "ಹಾಗಾದರೆ ಹಸಿವಾದರೆ ಹೇಗೆ ಗೊತ್ತಾಗುತ್ತದೆ?" ಅಂದರು. ಒಲೆ ಮೇಲೆ ಏನೋ ಇಟ್ಟಿದ್ದರು, ಉತ್ತರಕ್ಕೆ ಕಾಯಲಿಲ್ಲ. ನನ್ನ ಹತ್ತಿರ ಉತ್ತರವೂ ಇರಲಿಲ್ಲ. ಅಂಗಡಿಯವ ಊಟ ಬೇಡ ಅಂದಿದ್ದನಲ್ಲ.

ಸ್ಪಂಜಿನ ಬಗ್ಗೆ ನನಗೆ ಆಗ ಇಷ್ಟವಾಗಿದ್ದು ಅದರ ಊಟವಲ್ಲ, ಅದರ ಪಂಪು. ಮೆಕ್ಯಾನಿಕಲ್‌ನವರಿಗೆ ಇದು ಹೇಳಲೇಬೇಕು. ಸ್ಪಂಜಿನ ಮೈಮೇಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು. ಅವುಗಳಿಂದ ನೀರು ಒಳಗೆ ಹೋಗುತ್ತದೆ. ಒಳಗಿನ ಕಾಲುವೆಗಳ ಕೊನೆಯಲ್ಲಿ ಸಣ್ಣ ಸಣ್ಣ ಕೋಣೆಗಳು. ಕೋಣೆಯ ಗೋಡೆಗೆ ಕೊರಳಪಟ್ಟಿ ಇರುವ ಜೀವಕೋಶಗಳು ಅಂಟಿಕೊಂಡಿರುತ್ತವೆ. ಪ್ರತಿಯೊಂದಕ್ಕೂ ಒಂದು ಚಾವಟಿಯಂಥ ಬಾಲ. ಆ ಬಾಲಗಳ ಬಡಿತವೇ ಪಂಪು. ಈಗ ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸಿನ ಎರಡನೇ ವಾರದ ಸಮೀಕರಣ ನೆನಪು ಮಾಡಿಕೊಳ್ಳಿ: ವಿಸ್ತೀರ್ಣ ಗುಣಿಸು ವೇಗ, ಎಲ್ಲ ಕಡೆ ಸಮ. ಒಂದೊಂದು ಕೋಣೆ ಸಣ್ಣದಾದರೂ ಎಲ್ಲ ಕೋಣೆಗಳ ಒಟ್ಟು ವಿಸ್ತೀರ್ಣ ಬಹಳ ದೊಡ್ಡದು. ಆದ್ದರಿಂದ ಅಲ್ಲಿ ನೀರು ತೀರಾ ನಿಧಾನ, ಜೀವಕೋಶಕ್ಕೆ ತಿನ್ನುವುದನ್ನು ಹಿಡಿಯಲು ಪುರುಸೊತ್ತು. ಆಮೇಲೆ ಎಲ್ಲ ನೀರೂ ಸೇರಿ ಮೇಲಿನ ಒಂದು ದೊಡ್ಡ ಬಾಯಿಯಿಂದ ಹೊರಗೆ. ಅಲ್ಲಿ ವಿಸ್ತೀರ್ಣ ಕಡಿಮೆ, ವೇಗ ಜಾಸ್ತಿ. ಸೋಸಿ ಬಿಟ್ಟ ನೀರು ದೂರಕ್ಕೆ ಚಿಮ್ಮುತ್ತದೆ, ಮತ್ತೆ ಅದನ್ನೇ ಕುಡಿಯುವ ಪ್ರಸಂಗ ಬರುವುದಿಲ್ಲ. ಕೆಲವು ಜಾತಿಗಳು ದಿನಕ್ಕೆ ತಮ್ಮ ಮೈಯ ಗಾತ್ರದ ಸಾವಿರಾರು ಪಟ್ಟು ನೀರು ಸೋಸುತ್ತವೆ. ಹೊರಗೆ ನೀರಿನ ಹರಿವು ಇದ್ದರೆ ಅದರ ಒತ್ತಡದ ವ್ಯತ್ಯಾಸದಿಂದ ಒಳಗಿನ ಹರಿವಿಗೂ ಸಹಾಯ ಆಗುತ್ತದೆ ಅಂತ ಸ್ಟೀವನ್ ವೋಗೆಲ್ ಎಂಬ ವಿಜ್ಞಾನಿ 1977ರಲ್ಲಿ ಜೀವಂತ ಸ್ಪಂಜುಗಳಲ್ಲೇ ಅಳೆದು ತೋರಿಸಿದ.

ಇದನ್ನೆಲ್ಲ ನಾನು ಹಾಸ್ಟೆಲಿನ ಗೆಳೆಯರಿಗೆ ಹೇಳಿ ಹೇಳಿ ಬೇಸರ ಹಿಡಿಸಿದ್ದೆ. ನನ್ನ ತಲೆಗೆ ಹೋಗದೆ ಉಳಿದದ್ದು ಒಂದೇ. ಅಷ್ಟೊಂದು ನೀರು ಸೋಸುವುದು ಯಾಕೆ? ಒಂದು ಲೀಟರ್ ನೀರಿನಲ್ಲಿ ಅದಕ್ಕೆ ಸಿಗುವ ಆಹಾರ ಅಷ್ಟು ಕಡಿಮೆ, ಅದಕ್ಕೆ.

ಮೊದಲ ಮೂರು ವಾರ ಎಲ್ಲ ಚೆನ್ನಾಗಿತ್ತು, ಅಥವಾ ಚೆನ್ನಾಗಿ ಕಾಣುತ್ತಿತ್ತು. ನವೆಂಬರ್ ಹೊತ್ತಿಗೆ ಕವಲುಗಳು ಸ್ವಲ್ಪ ಸಪೂರ ಆದ ಹಾಗೆ ಅನಿಸಿತು. ಫೋಟೋ ತೆಗೆದಿದ್ದರೆ ಹೋಲಿಸಬಹುದಿತ್ತು, ತೆಗೆದದ್ದು ಇನ್‌ಸ್ಟಾಗ್ರಾಂಗೆ ಹಾಕಿದ ಒಂದೇ ಫೋಟೋ, ಅದೂ ಫಿಲ್ಟರ್ ಹಾಕಿದ್ದು. ಆಮೇಲೆ ಇಂಟರ್ನಲ್ಸ್ ಶುರುವಾಯಿತು.

ಒಂದು ಸಂಜೆ ತಂಗಿ ಫೋನು ಮಾಡಿದಳು.

"ಅಣ್ಣ, ನಿನ್ನ ಸ್ಪಂಜಿನ ತುದಿ ಬೆಳ್ಳಗಾಗಿದೆ."

"ಎಷ್ಟು?"

"ಉಗುರಿನಷ್ಟು. ಮುಟ್ಟಿದರೆ ಪುಡಿಯಾಗ್ತದೇನೋ."

"ಮುಟ್ಟಬೇಡ. ಭಾನುವಾರ ಟೆಸ್ಟ್ ಮಾಡಿದ್ದೇನೆ, ಎಲ್ಲ ಸರಿ ಉಂಟು."

"ವಾಸನೆ ಬರ್ತದೆ ಅಣ್ಣ."

"ಅದು ಸಮುದ್ರದ ವಾಸನೆ. ನೀನು ಓದಿಕೋ ಹೋಗು."

ಫೋನಿಟ್ಟು ನಾನು ಎಕ್ಸೆಲ್ ಶೀಟ್ ತೆರೆದು ನೋಡಿದೆ. ಒಂಬತ್ತೂ ಹಸಿರು. ಶನಿವಾರ ಮನೆಗೆ ಹೋದಾಗ ಬಿಳಿ ಎರಡು ಬೆರಳಿನಷ್ಟಾಗಿತ್ತು. ತೆಗೆಯಬೇಕು ಅಂತ ಮನಸ್ಸಿಗೆ ಬಂತು, ಸುಳ್ಳು ಹೇಳುವುದಿಲ್ಲ. ಆದರೆ 1,800 ರೂಪಾಯಿ. ಸತ್ತ ಭಾಗ ಕತ್ತರಿಸಿದರೆ ಉಳಿದದ್ದು ಬದುಕಬಹುದು ಅಂತ ಓದಿದ್ದೆ. ಕತ್ತರಿಸಲು ಕೂತರೆ ಒಂದು ಗಂಟೆ ಬೇಕು, ಸೋಮವಾರ ಥರ್ಮೋ ಪೇಪರ್. ಮುಂದಿನ ವಾರ ನೋಡುವ ಅಂದುಕೊಂಡೆ. ಭಾನುವಾರದ ಟೆಸ್ಟಿನಲ್ಲಿ ಅಮೋನಿಯಾ ಸೊನ್ನೆ. ಹಸಿರು.

ಬುಧವಾರ ರಾತ್ರಿ ಹನ್ನೊಂದಕ್ಕೆ ಅಮ್ಮನ ಫೋನು. ಸ್ಪಂಜು ಒಳಗಿನಿಂದ ಕೊಳೆತು ಬಿದ್ದಿತ್ತು. ನೀರು ಮಸುಕು. ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿವೆ ಅಂದರು. ಮಾವ ಅಂದು ಮನೆಯಲ್ಲೇ ಇದ್ದರು. ನಾನು ಗೆಳೆಯನ ಬೈಕು ತೆಗೆದುಕೊಂಡು ಹೊರಟು ಮನೆ ಮುಟ್ಟುವಷ್ಟರಲ್ಲಿ ಹನ್ನೆರಡೂವರೆ. ಅಮೋನಿಯಾ 2 ಪಿಪಿಎಂ ದಾಟಿತ್ತು. ಅಪ್ಪು ತಳದಲ್ಲಿ ಮಲಗಿತ್ತು. ಕುಟ್ಟಿ ಇನ್ನೂ ಉಸಿರಾಡುತ್ತಿತ್ತು. ತಂಗಿ ಟ್ಯಾಂಕಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದಳು. ನನ್ನನ್ನು ನೋಡಿದಳು, ಏನೂ ಹೇಳಲಿಲ್ಲ. "ನಾನು ಹೇಳಿದ್ದೆ" ಅಂದಿದ್ದರೂ ಪರವಾಗಿರಲಿಲ್ಲ.

ಕುಟ್ಟಿಯನ್ನು ಬೇರೆ ನೀರಿಗೆ ಹಾಕಬೇಕಿತ್ತು. ಬೇರೆ ನೀರು ಎಲ್ಲಿದೆ? ಉಪ್ಪಿನ ಬಕೆಟಿನ ತಳದಲ್ಲಿ ಎರಡು ಹಿಡಿ ಉಪ್ಪು ಉಳಿದಿತ್ತು. ಇದ್ದಿದ್ದರೂ ಉಪ್ಪು ಕಲಸಿ ನೀರು ಹದಕ್ಕೆ ಬರಲು ಒಂದು ದಿನ ಬಿಡುವುದು ಒಳ್ಳೆಯದು. ಆರ್‌ಒ ನೀರು ಹತ್ತು ಲೀಟರೂ ಇರಲಿಲ್ಲ.

ಮಾವ ಎದ್ದು ಅಂಗಳಕ್ಕೆ ಹೋಗಿ, ಇಪ್ಪತ್ತು ಲೀಟರಿನ ಎರಡು ಖಾಲಿ ಕ್ಯಾನು ತಂದರು. "ಏಳು, ಹೋಗುವ," ಅಂದರು. ಅಷ್ಟೇ.

ರಾತ್ರಿ ಒಂದು ಗಂಟೆಗೆ ಪಡುಬಿದ್ರಿಯ ಕಡಲ ಕರೆಯಲ್ಲಿ ಮಾವ ಸೊಂಟದ ಮಟ್ಟ ನೀರಿಗೆ ಇಳಿದು, ಅಲೆ ಒಡೆಯುವ ಜಾಗ ದಾಟಿ ಹೋಗಿ ಕ್ಯಾನು ತುಂಬಿಸಿದರು. "ಕರೆಯದ್ದು ಹೊಯ್ಗೆ ನೀರು, ಆಚೆಯದ್ದು ಬೇಕು," ಅಂದರು. ಡಿಸೆಂಬರ್ ಮೊದಲ ವಾರ, ಮಳೆ ಬಿಟ್ಟು ತಿಂಗಳ ಮೇಲಾಗಿತ್ತು. ಮನೆಗೆ ತಂದು ಅಳೆದರೆ ಸಾಂದ್ರತೆ 1.024. ನಾನು ದುಡ್ಡು ಕೊಟ್ಟು ಮಾಡುವ ನೀರಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಟಬ್ಬಿನಲ್ಲಿ ಆ ನೀರು, ಒಂದು ಏರ್ ಪಂಪು, ಕುಟ್ಟಿ. ಬೆಳಗಿನ ತನಕ ನಾನೂ ತಂಗಿಯೂ ಕಾದೆವು. ಏಳು ಗಂಟೆಗೆ ಅದು ನೆಟ್ಟಗೆ ಈಜಿತು. ಕಡಲ ಕರೆಯ ನೀರಿನಲ್ಲಿ ಹೊಲಸು, ರೋಗ ಎರಡೂ ಬರಬಹುದು, ಮೀನು ಸಾಕುವವರಿಗೆ ನಾನು ಅದನ್ನೇ ಬಳಸಿ ಅಂತ ಹೇಳುವುದಿಲ್ಲ. ಆ ರಾತ್ರಿ ಬೇರೆ ದಾರಿ ಇರಲಿಲ್ಲ, ಅಷ್ಟೇ. ಅಪ್ಪುವನ್ನು ತಂಗಿ ತೆಂಗಿನ ಬುಡದಲ್ಲಿ ಹೂತು ಶಾಲೆಗೆ ಹೋದಳು.

ಸ್ಪಂಜು ಯಾಕೆ ಸತ್ತಿತು ಅಂತ ಪರೀಕ್ಷೆ ಮುಗಿದ ಮೇಲೆ ಕೂತು ಓದಿದೆ. ಮೊದಲು ಸಿಕ್ಕಿದ ಕಾರಣ ನನಗೆ ಹಿತವಾಗಿತ್ತು: ಗಾಳಿ. ಅನೇಕ ಸ್ಪಂಜುಗಳನ್ನು ನೀರಿನಿಂದ ಹೊರಗೆ ಎತ್ತಲೇಬಾರದು. ಒಳಗಿನ ಕಾಲುವೆಗಳಿಗೆ ಗಾಳಿ ಹೊಕ್ಕರೆ ಗುಳ್ಳೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ನೀರು ಹರಿಯದೆ ಆ ಭಾಗ ಸಾಯುತ್ತದೆ. ಪಂಪ್ ಓದಿದವರು ಏರ್ ಲಾಕ್ ಅಂತ ನೆನಪಿಸಿಕೊಳ್ಳಬಹುದು. ಹಾಗಾದರೆ ತಪ್ಪು ಅಂಗಡಿಯವನದ್ದು. ಅಲ್ಲಿಗೇ ಓದುವುದನ್ನು ನಿಲ್ಲಿಸಬಹುದಿತ್ತು. ಆದರೆ ಗಾಳಿ ಹೊಕ್ಕು ಸಾಯುವುದಾದರೆ ಬೇಗ ಗೊತ್ತಾಗಬೇಕು. ನನ್ನದು ಏಳೆಂಟು ವಾರ ಬದುಕಿತ್ತು, ಸಪೂರ ಆಗುತ್ತಾ ಆಗುತ್ತಾ.

ಅದು ಹಸಿವಿನ ಲಕ್ಷಣ. ಹೆಚ್ಚಿನ ಸ್ಪಂಜುಗಳ ಊಟ ಬ್ಯಾಕ್ಟೀರಿಯಾ, ತೀರಾ ಸಣ್ಣ ಸಸ್ಯಪ್ಲವಕ, ಜೊತೆಗೆ ನೀರಿನಲ್ಲಿ ಕರಗಿರುವ ಸಾವಯವ ವಸ್ತು. ಈಗ ನನ್ನ ಸಾಮಾನಿನ ಪಟ್ಟಿ ಮತ್ತೆ ಓದಿ. ಬ್ಯಾಕ್ಟೀರಿಯಾವನ್ನು ಯುವಿ ಕೊಲ್ಲುತ್ತಿತ್ತು. ಕರಗಿದ ಸಾವಯವ ವಸ್ತುವನ್ನು ಸ್ಕಿಮ್ಮರ್ ಮತ್ತು ಕಾರ್ಬನ್ ತೆಗೆಯುತ್ತಿದ್ದವು. ಹೆಚ್ಚಿನ ಸ್ಪಂಜುಗಳ ಮೈಗೆ ಆಸರೆ ಕೊಡುವ ಸಣ್ಣ ಮುಳ್ಳುಗಳು ಸಿಲಿಕಾದವು, ಅಂದರೆ ಗಾಜಿನ ಬಂಧು. ಅದಕ್ಕೆ ನೀರಿನಲ್ಲಿ ಸಿಲಿಕೇಟ್ ಬೇಕು. ಅದನ್ನು ಆರ್‌ಒ ಯೂನಿಟ್ಟು ಮೊದಲೇ ತೆಗೆದಿರುತ್ತಿತ್ತು, ಉಳಿದದ್ದಿದ್ದರೆ ಕಬ್ಬಿಣದ ಕಾಳು ಹಿಡಿಯುತ್ತಿತ್ತು. ಸ್ಪಂಜು ಅಂದರೆ ಒಂದು ಫಿಲ್ಟರ್. ಐದು ಫಿಲ್ಟರುಗಳ ಮನೆಗೆ ಆರನೆಯ ಫಿಲ್ಟರನ್ನು ತಂದು, ಸೋಸಲು ಏನೂ ಉಳಿಸದೆ, ಹಗಲೂ ರಾತ್ರಿ ಖಾಲಿ ನೀರು ಎಳೆಯಲು ಬಿಟ್ಟಿದ್ದೆ.

ನನ್ನ ಒಂಬತ್ತು ಕಾಲಮ್‌ಗಳಲ್ಲಿ ಇದರ ಸುಳಿವೇ ಇರಲಿಲ್ಲ. ಕಿಟ್‌ನಿಂದ ಅಳೆಯಲು ಆಗುವುದನ್ನು ನಾನು ಅಳೆದಿದ್ದೆ. ಸ್ಪಂಜಿನ ಊಟಕ್ಕೆ ನನ್ನ ಹತ್ತಿರ ಕಿಟ್ ಇರಲಿಲ್ಲ, ಆದ್ದರಿಂದ ಅದಕ್ಕೆ ಕಾಲಮ್ ಇರಲಿಲ್ಲ, ಆದ್ದರಿಂದ ಅದು ನನ್ನ ತಲೆಯಲ್ಲೂ ಇರಲಿಲ್ಲ. ಅಮ್ಮ ಮೊದಲ ದಿನ ಕೇಳಿದ್ದು ಆ ಹತ್ತನೇ ಕಾಲಮ್ಮಿನ ಪ್ರಶ್ನೆಯನ್ನೇ.

ಇನ್ನೂ ಓದಿದೆ. ಹವಳದ ಬಂಡೆಗಳ ಬಗ್ಗೆ ಡಾರ್ವಿನ್ ಕಾಲದಿಂದ ಒಂದು ಒಗಟು ಇತ್ತು. ಪೋಷಕಾಂಶವೇ ಇಲ್ಲದಂಥ ತಿಳಿನೀರಿನ ಕಡಲಿನ ನಡುವೆ ಅಷ್ಟೊಂದು ಜೀವರಾಶಿ ಬದುಕುವುದು ಹೇಗೆ? ಉತ್ತರದ ಒಂದು ಭಾಗ 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಯಾಸ್ಪರ್ ಡಿ ಹೂಯಿ ಮತ್ತು ಅವರ ಜೊತೆಯವರು ತೋರಿಸಿದ್ದು ಇದು: ಹವಳ ಮತ್ತು ಪಾಚಿಗಳಿಂದ ಸೋರಿ ನೀರಿಗೆ ಕರಗಿದ ಸಾವಯವ ವಸ್ತುವನ್ನು ಹೆಚ್ಚಿನ ಪ್ರಾಣಿಗಳು ತಿನ್ನಲಾರವು. ಬಂಡೆಯ ಸಂದುಗಳಲ್ಲಿ ಕೂತ ಸ್ಪಂಜುಗಳು ಅದನ್ನು ಹೀರಿಕೊಂಡು, ತಮ್ಮ ಹಳೆಯ ಜೀವಕೋಶಗಳನ್ನು ಉದುರಿಸುತ್ತವೆ. ಉದುರಿದ್ದು ಹುಳು, ಸಿಗಡಿ, ಬಸವನಹುಳುಗಳಿಗೆ ಊಟ, ಅವು ಮೀನುಗಳಿಗೆ ಊಟ. ಕಳೆದುಹೋಗುವುದನ್ನು ಹಿಡಿದು ಮತ್ತೆ ಊರಿಗೆ ಹಂಚುವ ಕೆಲಸ ಅದರದ್ದು. ನಾನು ಅದನ್ನು ಟ್ಯಾಂಕಿನಲ್ಲಿ ಇಟ್ಟದ್ದು ಕಿತ್ತಳೆ ಬಣ್ಣಕ್ಕೆ.

ಇನ್ನೊಂದು ಓದಿದ್ದು ಹೆಚ್ಚು ಚುಚ್ಚಿತು. 1907ರಲ್ಲಿ ಎಚ್. ವಿ. ವಿಲ್ಸನ್ ಎಂಬ ಅಮೆರಿಕದ ಪ್ರಾಧ್ಯಾಪಕ ಜೀವಂತ ಸ್ಪಂಜನ್ನು ರೇಷ್ಮೆ ಬಟ್ಟೆಯಲ್ಲಿ ಹಿಂಡಿ, ಬಿಡಿ ಬಿಡಿ ಜೀವಕೋಶಗಳಾಗಿ ನೀರಿಗೆ ಬಿಟ್ಟ. ಅವು ತೆವಳಿ ಒಂದಕ್ಕೊಂದು ಅಂಟಿಕೊಂಡು, ಕೆಲವು ದಿನಗಳಲ್ಲಿ ಮತ್ತೆ ಸ್ಪಂಜಾದವು. ಬಟ್ಟೆಯಲ್ಲಿ ಹಿಂಡಿದರೂ ಸಾಯದ ಪ್ರಾಣಿಯನ್ನು ನಾನು ತಿಳಿನೀರಿನಲ್ಲಿ ಸಾಯಿಸಿದ್ದೆ.

ಜನವರಿಯಲ್ಲಿ ಟ್ಯಾಂಕನ್ನು ಮತ್ತೆ ಸರಿ ಮಾಡಿ ಕುಟ್ಟಿಯನ್ನು ಬಿಟ್ಟೆವು. ಈ ಸಲ ಯುವಿ ಹಾಕಲಿಲ್ಲ. ಕಾರ್ಬನ್ ಮತ್ತು ಕಬ್ಬಿಣದ ಕಾಳು ಬೇಕಾದಾಗ ಮಾತ್ರ. ಸ್ಕಿಮ್ಮರ್ ರಾತ್ರಿ ಮಾತ್ರ. ಕುಟ್ಟಿಗೆ ಅಂತ ತಂದ ಆ ನಲವತ್ತು ಲೀಟರ್ ಪಡುಬಿದ್ರಿ ನೀರಿನಲ್ಲಿ ಒಂದಷ್ಟು ಟ್ಯಾಂಕಿಗೂ ಹೋಯಿತು. ಗಾಜು ವಾರಕ್ಕೊಮ್ಮೆ ಸ್ವಲ್ಪ ಹಸಿರಾಗುತ್ತದೆ, ಉಜ್ಜಿದರೆ ಹೋಗುತ್ತದೆ. "ಇದರಲ್ಲಿ ನೀರು ಉಂಟಾ" ಅಂತ ಈಗ ಯಾರೂ ಕೇಳುವುದಿಲ್ಲ.

ಮಾರ್ಚ್ ಕೊನೆಗೆ ಪಂಪ್ ತೊಳೆಯಲು ಕೆಳಗಿನ ಸಂಪ್ ತೆರೆದೆ. ಬೆಳಕೇ ಬೀಳದ ಜಾಗ ಅದು. ಪೈಪಿನ ಬಾಯಿಯ ಹತ್ತಿರ ಗಾಜಿಗೆ ಬೂದುಬಿಳಿ ಬಣ್ಣದ ತೆಳು ಪದರವೊಂದು ಅಂಟಿತ್ತು, ಒಂದು ರೂಪಾಯಿ ನಾಣ್ಯದಷ್ಟು. ಬ್ಲೇಡಿನಿಂದ ಕೆರೆಯಲು ಹೊರಟವನು ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ನಡುವೆ ಸೂಜಿಮೊನೆಯಷ್ಟು ಎರಡು ತೂತು. ಆ ಕಡಲ ನೀರಿನಲ್ಲಿ ಬಂತೋ, ಮಶ್ರೂಮ್ ಕೋರಲ್‌ನ ಕಲ್ಲಿಗೆ ಅಂಟಿ ಬಂತೋ ಗೊತ್ತಿಲ್ಲ. ತಂಗಿಯನ್ನು ಕರೆದೆ.

"ಇದು ಬದುಕಿದೆಯಾ ಅಂತ ಹೇಗೆ ನೋಡುವುದು?" ಅಂದಳು. ಈ ಪ್ರಶ್ನೆಗೆ ಈಗ ನನ್ನ ಹತ್ತಿರ ಒಂದು ಉತ್ತರ ಇತ್ತು. ವಿಜ್ಞಾನಿಗಳು ಸ್ಪಂಜಿನ ಪಕ್ಕ ಹೊಳೆಯುವ ಬಣ್ಣ ಬಿಟ್ಟು ಅದು ಪಂಪ್ ಮಾಡುತ್ತಿದೆಯಾ ಅಂತ ನೋಡುತ್ತಾರೆ. ನಮ್ಮ ಹತ್ತಿರ ಬಣ್ಣ ಇರಲಿಲ್ಲ. ಕಿಟಕಿಯ ಬಳಿ ಬಾಟಲಿಯಲ್ಲಿ ಬೆಳೆಸುತ್ತಿದ್ದ ಸಸ್ಯಪ್ಲವಕದ ಹಸಿರು ನೀರು ಇತ್ತು. ಪಂಪ್ ನಿಲ್ಲಿಸಿ, ನೀರು ಅಲುಗಾಡದಂತೆ ಆದ ಮೇಲೆ, ಡ್ರಾಪರಿನಿಂದ ಎರಡು ಹನಿಯನ್ನು ಪದರದ ಪಕ್ಕ ಬಿಟ್ಟೆ. ಹಸಿರು ಮೋಡ ಹಾಗೇ ನಿಂತಿತು. ಏನೂ ಆಗುವುದಿಲ್ಲ ಅಂದುಕೊಳ್ಳುವಷ್ಟರಲ್ಲಿ ಆ ಸೂಜಿಮೊನೆ ತೂತಿನ ಎದುರು ಮೋಡ ಸ್ವಲ್ಪ ಸರಿಯಿತು. ಒಳಗಿನಿಂದ ಯಾರೋ ಮೆಲ್ಲಗೆ ಊದಿದ ಹಾಗೆ. ತಂಗಿ ಹೋಗಿ ಅಮ್ಮನನ್ನು ಎಳೆದುಕೊಂಡು ಬಂದಳು. ಇನ್ನೆರಡು ಹನಿ ಬಿಟ್ಟೆ. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಗ್ಗಿ ನೋಡಿ, "ಉಂಡು," ಅಂದರು. ಉಂಟು.

ಏಪ್ರಿಲ್‌ನ ಅಮಾವಾಸ್ಯೆಯ ಇಳಿತಕ್ಕೆ ಮಾವನ ಜೊತೆ ಕಾಪುವಿಗೆ ಹೋದೆವು. 1901ರ ದೀಪಸ್ತಂಭದ ಫೋಟೋ ತೆಗೆಯಲು ನೀವೆಲ್ಲ ಹೋಗಿರುತ್ತೀರಿ, ಅದರ ಕೆಳಗಿನ ಬಂಡೆಗಳ ಸಂದು ನೋಡಿದವರು ಕಡಿಮೆ. ನೀರು ಇಳಿದಾಗ ಬಗ್ಗಿ ನೋಡಿ. ನೆರಳಿನ ಕಡೆ, ಪಚ್ಚಿಲೆಗಳ ನಡುವೆ, ಇಟ್ಟಿಗೆ ಬಣ್ಣದ, ಅರಿಸಿನ ಬಣ್ಣದ ತೇಪೆಗಳು. ನಾನು ಇಷ್ಟು ವರ್ಷ ಅವನ್ನು ಪಾಚಿ ಅಂದುಕೊಂಡಿದ್ದೆ. ಮಾವನೂ ಹಾಗೇ ಅಂದುಕೊಂಡಿದ್ದರಂತೆ. ಗಾಳಿ ತಾಗಿದರೆ ಸ್ಪಂಜು ಸಾಯುತ್ತದೆ ಅಂದೆಯಲ್ಲ, ಇದು ಹೇಗೆ ಬದುಕಿದೆ ಅಂತ ತಂಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಇವು ಉಬ್ಬರ ಇಳಿತದ ನಡುವೆಯೇ ಹುಟ್ಟಿದವು, ನೆರಳಿನ ತೇವದಲ್ಲಿ ಕೆಲವು ಗಂಟೆ ತಡೆದುಕೊಳ್ಳುತ್ತವೆ. ನೀರಿನಾಳದಿಂದ ಬಂದ ನನ್ನ ಕಿತ್ತಳೆಗೆ ಆ ಅಭ್ಯಾಸ ಇರಲಿಲ್ಲ. ದಡದಲ್ಲಿ ಸಿಕ್ಕ ಹಳೆಯ ಚಿಪ್ಪೊಂದರ ತುಂಬ ಗುಂಡುಸೂಜಿಯಲ್ಲಿ ಚುಚ್ಚಿದ ಹಾಗೆ ತೂತುಗಳಿದ್ದವು. ಅದೂ ಒಂದು ಸ್ಪಂಜಿನ ಕೆಲಸ. ಕ್ಲಿಯೋನಾ ಎಂಬ ಜಾತಿಯವು ಚಿಪ್ಪನ್ನೇ ಕೊರೆದು ಒಳಗೆ ಮನೆ ಮಾಡುತ್ತವೆ. ಚಿಪ್ಪನ್ನು ತಂಗಿ ಜೇಬಿಗೆ ಹಾಕಿಕೊಂಡಳು.

ಬಂಡೆಯ ಮೇಲಿನದ್ದನ್ನು ಒಂದು ಚೂರು ಕೆರೆದು ತರುವ ಆಸೆ ನನಗೆ ಆಗಲಿಲ್ಲ ಅಂದರೆ ಸುಳ್ಳು. ಸುಣ್ಣದ ಮುಳ್ಳಿನ ಸ್ಪಂಜುಗಳೂ 2001ರಲ್ಲಿ ಕಾಯ್ದೆಯ ಪಟ್ಟಿಗೆ ಸೇರಿವೆ, ಯಾವುದು ಸುಣ್ಣದ್ದು ಯಾವುದು ಸಿಲಿಕಾದ್ದು ಅಂತ ನನ್ನ ಕಣ್ಣಿಗೆ ಗೊತ್ತಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಅದಕ್ಕೆ ಬೇಕಾದ ಊಟ ನನ್ನ ಮನೆಯಲ್ಲಿಲ್ಲ. ನಾನು ಕೊಳಕು ಅನ್ನುತ್ತಿದ್ದ ಆ ಕಲಕಿದ ನೀರು ಬಂಡೆಗೆ ಬಂದು ಬಡಿಯುತ್ತಿತ್ತು, ಅಲೆ ಅಲೆಗೂ ಬಡಿಸಿದ ಹಾಗೆ. ಸುಮ್ಮನೆ ನೋಡಿ ಬಂದೆವು.

ನಿಮ್ಮಲ್ಲಿ ಯಾರಾದರೂ ಉಪ್ಪುನೀರಿನ ಟ್ಯಾಂಕ್ ಇಡುವ ಯೋಚನೆಯಲ್ಲಿದ್ದರೆ ನನ್ನದು ಎರಡೇ ಮಾತು. ಚೆಂದ ಕಂಡಿತು ಅಂತ ಸ್ಪಂಜು ಕೊಳ್ಳಬೇಡಿ. ಟ್ಯಾಂಕಿಗೆ ವರ್ಷವಾಗಿ, ಅದರಲ್ಲಿ ತಿನ್ನಲು ಏನಾದರೂ ಉಂಟು ಅಂತಾದರೆ, ಎಲ್ಲೋ ಕತ್ತಲ ಮೂಲೆಯಲ್ಲಿ ಅದೇ ಬರಬಹುದು. ಮತ್ತೆ, ಬೆಳ್ಳಗಾಗಿದೆ ಅಂತ ಯಾರಾದರೂ ಹೇಳಿದರೆ ಆ ರಾತ್ರಿಯೇ ತೆಗೆಯಿರಿ. ಅದು ಎಷ್ಟು ರೂಪಾಯಿಯದ್ದೇ ಆಗಿರಲಿ.

ಎಕ್ಸೆಲ್ ಶೀಟ್ ಈಗಲೂ ಇದೆ. ಕಾಲಮ್ ಹತ್ತಾಗಿದೆ. ಹತ್ತನೆಯದರ ಹೆಸರು 'ತಂಗಿ ಏನಂದಳು'. ಪ್ರತಿ ಭಾನುವಾರ ಅವಳನ್ನು ಕೇಳಿಯೇ ತುಂಬಿಸುತ್ತೇನೆ. ಕಳೆದ ವಾರ ಅವಳು ಹೇಳಿದ್ದು: "ಕುಟ್ಟಿ ಸರಿ ಉಂಟು. ಸ್ಪಂಜು ಎರಡು ರೂಪಾಯಿ ನಾಣ್ಯದಷ್ಟಾಗಿದೆ. ವಾಸನೆ ಇಲ್ಲ."